ಮೂರನೇ ಸಲ ಒತ್ತಿದ ಬ್ರೇಕು

ಬ್ರೇಕು ಸರಿಯಾಗಿತ್ತು. ನನಗೆ ಹಿಡಿಸದೇ ಹೋದದ್ದು ಅದೇ.

ಕೆ.ಆರ್.ಪುರದ ಕಡೆಯ ಠಾಣೆಯ ಹಿತ್ತಲಲ್ಲಿ, ಜಪ್ತಿಯಾಗಿ ತುಕ್ಕು ಹಿಡಿದ ಆಟೊಗಳ ನಡುವೆ ನಿಲ್ಲಿಸಿದ್ದ ಬಿಳಿ ಕಾರಿನ ಅಡಿಯಲ್ಲಿ ಮಲಗಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಾಲ್ಕೂ ಗಾಲಿ ನೋಡಿಯಾಗಿತ್ತು. ಪ್ಯಾಡುಗಳು ಹೊಸವು. ಪೈಪುಗಳಲ್ಲಿ ಒಂದು ಹನಿ ಸೋರಿಕೆಯಿಲ್ಲ. ಬ್ರೇಕ್ ಆಯಿಲ್ ಮೇಲಿನ ಗೆರೆಯವರೆಗೂ ಇತ್ತು. ಇಂಥ ಬ್ರೇಕಿದ್ದೂ ಕಾರು ನಿಲ್ಲಲಿಲ್ಲ ಎಂದರೆ, ನಾನು ಮೂವತ್ತೊಂದು ವರ್ಷ ವಿಮಾ ಸರ್ವೇಯರ್ ಆಗಿ ಮಾಡಿದ್ದು ಕತ್ತೆ ಕಾಯುವ ಕೆಲಸ ಎಂದೇ ಅರ್ಥ.

"ಐದು ಗಂಟೆ, ವಾದಿರಾಜ್ ಸಾರ್," ಎಂದರು ಸಬ್‌ಇನ್‌ಸ್ಪೆಕ್ಟರ್ ರಮ್ಯಶ್ರೀ. ನನಗೆ ಅವರ ಬೂಟು ಮಾತ್ರ ಕಾಣುತ್ತಿತ್ತು. "ಐದಕ್ಕೆ ಶೌಕತ್ ಅರೆಸ್ಟ್ ಬರೀಲೇಬೇಕು. ಮೇಲಿಂದ ಫೋನ್ ಮೇಲೆ ಫೋನ್ ಬರ್ತಾ ಇದೆ."

"ಈಗ ಎಷ್ಟು?"

"ಹನ್ನೊಂದು."

ಸೋಮವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಸೂರ್ಯ ಎಂಬ ಇಪ್ಪತ್ತೊಂಬತ್ತರ ಹುಡುಗ ಈ ಕಾರನ್ನು ಹಳೇ ಮದ್ರಾಸ್ ರಸ್ತೆಯಲ್ಲಿ ನಿಂತಿದ್ದ ಟಿಪ್ಪರಿನ ಹಿಂಭಾಗಕ್ಕೆ ನುಗ್ಗಿಸಿ ಸತ್ತ. ಕಾರು ಅವನ ಚಿಕ್ಕಪ್ಪನ ಮಗ ಪ್ರೇಮ್‌ಕುಮಾರನದು. ಶಿವಾಜಿನಗರದ ಮೆಕ್ಯಾನಿಕ್ ಶೌಕತ್ ಬ್ರೇಕು ಕೆಡಿಸಿಟ್ಟಿದ್ದೇ ಸಾವಿಗೆ ಕಾರಣ ಎಂದು ಪ್ರೇಮ್‌ಕುಮಾರ್ ದೂರು ಬರೆದುಕೊಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮ ಊರಿನಲ್ಲಿ ಹೊಸದೇನಲ್ಲ.

ಮಂಗಳವಾರ ಶೌಕತ್‌ನ ತಾಯಿ ಇಮಾಮ್ ಬೀ ಜೀವನ್‌ಭೀಮಾನಗರದ ನನ್ನ ಮನೆಯ ಗೇಟಿನಲ್ಲಿ ಬಂದು ನಿಂತಿದ್ದಳು. ಒಳಗೆ ಕರೆದರೆ ಬರಲಿಲ್ಲ, ಕುರ್ಚಿ ಕೊಟ್ಟರೆ ಕೂರಲಿಲ್ಲ. "ನನ್ನ ಮಗ ಬೇರೆ ಏನ್ ತಪ್ಪು ಮಾಡಿದ್ರೂ ಬ್ರೇಕ್ ವಿಷಯದಲ್ಲಿ ಮಾಡಲ್ಲ ಸಾಬ್," ಎಂದಷ್ಟೇ ಹೇಳಿದಳು. ಶೌಕತ್‌ನನ್ನು ನಾನು ಹನ್ನೆರಡು ವರ್ಷದಿಂದ ಬಲ್ಲೆ. ಕಾರು ಬಿಚ್ಚುವವರಲ್ಲಿ ನಾನು ಮನುಷ್ಯರೆಂದು ಲೆಕ್ಕಕ್ಕೆ ತೆಗೆದುಕೊಂಡಿರುವ ಮೂರು ಜನರಲ್ಲಿ ಅವನೊಬ್ಬ. ಅಪಘಾತದ ಕಾರುಗಳನ್ನು ರಮ್ಯಶ್ರೀ ಆಗಾಗ ನನಗೆ ತೋರಿಸುವುದುಂಟು, ಇದನ್ನೂ ನೋಡುತ್ತೇನೆಂದು ನಾನೇ ಕೇಳಿಕೊಂಡೆ.

ಕಾರಿನ ಅಡಿಯಿಂದ ಎದ್ದು ಬಂದು ಒಳಗೆ ತಲೆ ಹಾಕಿದೆ. ಟಿಪ್ಪರಿನ ಅಡಿಗೆ ನುಗ್ಗಿದ್ದರಿಂದ ಪೆಟ್ಟೆಲ್ಲ ಗಾಜಿಗೆ, ಛಾವಣಿಗೆ, ಆ ಹುಡುಗನ ತಲೆಗೆ ಬಿದ್ದಿತ್ತು. ಎಂಜಿನ್ನು ಹೆಚ್ಚೂಕಡಿಮೆ ಇದ್ದ ಹಾಗೇ ಇತ್ತು. ಬ್ರೇಕಿನ ಪೆಡಲಿನ ಕಬ್ಬಿಣದ ತೋಳು ಬಾಗಿತ್ತು. ಒಂದು ಕಾಲಿನಿಂದ ಒತ್ತಿದರೆ ಅದು ಬಾಗುವುದಿಲ್ಲ. ಎರಡೂ ಕಾಲಿಟ್ಟು, ಸೀಟಿಗೆ ಬೆನ್ನು ಕೊಟ್ಟು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ತುಳಿದಿದ್ದಾನೆ.

"ಎಳನೀರು ಮಾರೋ ಮಾರಕ್ಕ ಏನ್ ಹೇಳಿದಾಳೆ ಗೊತ್ತಾ?" ಎಂದರು ರಮ್ಯಶ್ರೀ. "ಕಾರು ಅವಳ ಮುಂದೆ ಹಾದು ಹೋಗೋವಾಗ್ಲೇ ಹಿಂದಿನ ಕೆಂಪು ಲೈಟ್ ಹತ್ಕೊಂಡಿತ್ತಂತೆ. ಡಿಕ್ಕಿ ಹೊಡೆಯೋವರೆಗೂ ಆರಲೇ ಇಲ್ವಂತೆ."

ಅಂದರೆ ಅವನು ತುಳಿಯುತ್ತಲೇ ಇದ್ದ, ಕಾರು ಹೋಗುತ್ತಲೇ ಇತ್ತು.

ಬಾನೆಟ್ಟನ್ನು ಕಬ್ಬಿಣದ ಸಲಾಕೆಯಿಂದ ಎಬ್ಬಿಸಿದೆ. ಆರು ಸಿಲಿಂಡರಿನ ಎಂಜಿನ್ನು, ಅದಕ್ಕೆ ಎರಡು ಟರ್ಬೊ. ಎಂಜಿನ್ನಿನ ಹೊಗೆಯಿಂದಲೇ ತಿರುಗುವ ಫ್ಯಾನು ಅದು. ಅದು ಎಂಜಿನ್ನಿಗೆ ಗಾಳಿ ತುರುಕುತ್ತದೆ, ಕಾರು ಹುಚ್ಚು ಹಿಡಿದಂತೆ ಓಡುತ್ತದೆ. ಟರ್ಬೊಗಳನ್ನು ಹಾಕಿ ಮೂರು ವಾರವೂ ಆಗಿರಲಿಲ್ಲ. ಆದರೆ ಹೊಗೆಯ ಕಡೆಯ ಕವಚಗಳೆರಡೂ ಬೆಂದು ನೀಲಿಗಟ್ಟಿದ್ದವು. ಒಂದರಲ್ಲಿ ಕೂದಲೆಳೆಯಷ್ಟು ಬಿರುಕು. ಮೂರು ವಾರದಲ್ಲಿ ಹೀಗಾಗಬೇಕಾದರೆ ಒಳಗೆ ಬೆಂಕಿಯೇ ಉರಿದಿರಬೇಕು.

ಬಲಗಡೆಯ ತಗಡಿನಲ್ಲಿ ಹೊಸದಾಗಿ ಕೊರೆದ ಎರಡು ತೂತುಗಳಿದ್ದವು. ಪಕ್ಕದಲ್ಲಿ ಟೇಪು ಸುತ್ತಿದ ತಂತಿಯ ತುದಿ. ಈ ಹುಡುಗರು ಹತ್ತು ಬಗೆಯ ಹಾರ್ನು ಹಾಕಿಸಿಕೊಂಡು ಬೀದಿನಾಯಿಗಳನ್ನು ಹೆದರಿಸುತ್ತಾರೆ. ಯಾವುದೋ ಹಾರ್ನಿನ ಜಾಗ ಇರಬೇಕೆಂದುಕೊಂಡು ಮುಂದೆ ಹೋದೆ.

ಅಷ್ಟರಲ್ಲಿ ಹಿತ್ತಲಿನ ಗೇಟಿನಲ್ಲಿ ಇನ್ನೊಂದು ಕಾರು ಗುಡುಗುತ್ತಾ ಬಂತು. ಪ್ರೇಮ್‌ಕುಮಾರ್ ಇಳಿದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಮೋಡ ಕವಿದ ಹಗಲಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡಿದ್ದ. ಅಣ್ಣ ಸತ್ತು ಮೂರು ದಿನ. ಬಿಳಿ ಬೂಟಿಗೆ ಮಣ್ಣಾಗದಂತೆ ನೋಡಿ ನೋಡಿ ಹೆಜ್ಜೆ ಇಡುತ್ತಿದ್ದ.

"ಏನ್ ಅಂಕಲ್, ಇನ್ನೂ ಹುಡುಕ್ತಾನೇ ಇದೀರಾ? ಬ್ರೇಕ್ ಫೇಲ್ ಅಂತ ಎಳೇ ಮಗೂಗೂ ಗೊತ್ತಾಗತ್ತೆ."

"ಎಳೇ ಮಗು ಯಾರೂ ಸಿಗ್ಲಿಲ್ಲಪ್ಪ, ಅದಕ್ಕೆ ನಾನೇ ಬಂದೆ. ಈ ಕಾರಿಗೆ ಶೌಕತ್ ಬಿಟ್ಟು ಇನ್ಯಾರು ಕೈ ಹಾಕಿದಾರೆ?"

"ಯಾರೂ ಇಲ್ಲ. ಅವನೊಬ್ಬನೇ. ಗಲ್ಲಿ ಮೆಕ್ಯಾನಿಕ್ ಸಹವಾಸ ಬೇಡ ಅಂತ ನಮ್ ತಾತ ಆಗ್ಲೇ ಬಡ್ಕೊಂಡ್ರು."

"ಸೋಮವಾರ ಸೂರ್ಯನಿಗೆ ಕೀ ಕೊಟ್ಟಿದ್ದು ಯಾರು?"

"ನಾನೇ. ಹೊಸಕೋಟೆವರೆಗೂ ಒಂದ್ ರೌಂಡ್ ಹೋಗ್ಬಾ, ಹೆಂಗೆ ಎಳೆಯತ್ತೆ ನೋಡು ಅಂದೆ. ಖುಷಿಯಾಗಿ ಹೋದ." ಕನ್ನಡಕದ ಅಡಿಗೆ ಬೆರಳು ಹಾಕಿ ಕಣ್ಣು ಒರೆಸಿದ. ಬೆರಳು ಒದ್ದೆಯಾದಂತೆ ನನಗೆ ಕಾಣಲಿಲ್ಲ.

ಇವರ ತಾತ ಮುನಿವೆಂಕಟಪ್ಪ ಕಗ್ಗದಾಸಪುರದ ಹಳಬ. ಗರುಡಾಚಾರ್‌ಪಾಳ್ಯದಲ್ಲಿ ಅವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಒಂಬತ್ತು ಮಹಡಿಯ ಗಾಜಿನ ಆಫೀಸು ನಿಂತಿದೆ. ಅದರ ಉಸ್ತುವಾರಿಯನ್ನೆಲ್ಲ ಮುದುಕ ಹೋದ ತಿಂಗಳು ಸೂರ್ಯನಿಗೆ ಒಪ್ಪಿಸಿದ್ದ. ಈಗ ಉಳಿದ ಗಂಡು ಮೊಮ್ಮಗ ಈ ಕನ್ನಡಕದವನೊಬ್ಬನೇ. ನನಗೂ ಆ ಯೋಚನೆ ಬಾರದೇ ಇರಲಿಲ್ಲ. ಆದರೆ ಕೊಲೆ ಮಾಡಲು ಬುದ್ಧಿ ಬೇಕು. ತನ್ನ ಕಾರಿನ ಟೈರಿಗೆ ಎಷ್ಟು ಗಾಳಿ ಹೊಡೆಸಬೇಕೆಂದೂ ತಿಳಿಯದ ಈ ಪ್ರಾಣಿಯನ್ನು ಅನುಮಾನಿಸುವುದೇ ಅವನಿಗೆ ಮಾಡುವ ಮರ್ಯಾದೆ ಎಂದುಕೊಂಡು ಅವನನ್ನು ಪಟ್ಟಿಯಿಂದ ತೆಗೆದುಹಾಕಿದೆ.

ಅವನನ್ನು ಅಲ್ಲೇ ಬಿಟ್ಟು ಠಾಣೆಯ ಒಳಗೆ ಹೋದೆ.

ಶೌಕತ್ ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಕೂತಿದ್ದ. ಎರಡು ದಿನದಿಂದ ಕರೆಸಿ ಕರೆಸಿ ಕೂರಿಸುತ್ತಿದ್ದರು. ಗ್ರೀಸಿನ ಕಪ್ಪು ಅವನ ಉಗುರುಗಳಿಂದ ಇನ್ನೂ ಹೋಗಿರಲಿಲ್ಲ. ನನ್ನನ್ನು ಕಂಡು ಎದ್ದು ನಿಂತ.

"ಈ ಕಾರಿಗೆ ನೀನು ಮಾಡಿದ್ದೆಲ್ಲ ಹೇಳು. ಅಳೋದು ಆಮೇಲೆ."

"ಲ್ಯಾಗ್ ಕಮ್ಮಿ ಮಾಡ್ಬೇಕು ಅಂತ ಬಂದ್ರು ಸಾಬ್. ಆಕ್ಸಿಲರೇಟರ್ ಒತ್ತಿದ್ರೆ ಗಾಡಿ ಎರಡು ಸೆಕೆಂಡ್ ಯೋಚ್ನೆ ಮಾಡತ್ತೆ, ಆಮೇಲೆ ಹಾರತ್ತೆ. ಟರ್ಬೊ ತಿರುಗೋಕೆ ಟೈಮ್ ಬೇಕಲ್ಲ. ಪ್ರೇಮಣ್ಣಂಗೆ ಆ ಎರಡು ಸೆಕೆಂಡ್ ಸಹಿಸೋಕಾಗಲ್ಲ." ಕೆಲಸದ ಮಾತು ಬಂದ ಕೂಡಲೇ ಅವನ ದನಿ ಗಟ್ಟಿಯಾಯಿತು. "ದೊಡ್ಡ ಟರ್ಬೊ ಎರಡೂ ತೆಗೆದು ಚಿಕ್ಕವು ಹಾಕ್ದೆ, ಬಾಲ್ ಬೇರಿಂಗ್‌ವು, ಊದಿದ್ರೆ ತಿರುಗತ್ತೆ. ಗಾಳಿ ಪೈಪ್ ಮೊಳ ಕಮ್ಮಿ ಮಾಡ್ದೆ. ಹೊಗೆ ಪೈಪ್‌ಗೆ ಬೆಂಕಿ ತಡೆಯೋ ಬಟ್ಟೆ ಸುತ್ತಿದೆ, ಬಿಸಿ ಹೊರಗೆ ಹೋಗ್ಬಾರ್ದು ಅಂತ. ಎರಡು ಸೆಕೆಂಡ್ ಇದ್ದಿದ್ದು ಮುಕ್ಕಾಲಿಗೆ ಬಂತು."

"ಸಾಕಾಗ್ಲಿಲ್ಲವೋ ಸಾಹೇಬನಿಗೆ?"

"ಸೊನ್ನೆ ಬೇಕು ಅಂದ್ರು. ಸೊನ್ನೆ ಆಗಲ್ಲ ಅಂದೆ. ಆಂಟಿಲ್ಯಾಗ್ ಹಾಕು ಅಂದ್ರು. ಆ ಪಟಾಕಿ ಕೆಲಸ ನಾನು ಮಾಡಲ್ಲ ಸಾಬ್. ಕಾಲು ತೆಗೆದ ಮೇಲೂ ಪೆಟ್ರೋಲ್ ಹೋಗ್ತಾ ಇರತ್ತೆ, ಹೊಗೆ ಪೈಪಲ್ಲಿ ಉರಿಯತ್ತೆ, ಟರ್ಬೊ ನಿಲ್ಲೋದೇ ಇಲ್ಲ. ರೇಸಲ್ಲಿ ಸರಿ. ರೋಡಲ್ಲಿ ಟರ್ಬೊ ಸುಟ್ಟು ಹೋಗತ್ತೆ."

ನೀಲಿಗಟ್ಟಿದ ಕವಚ ನನ್ನ ಕಣ್ಣ ಮುಂದೆ ಬಂತು.

"ನೀನು ಮಾಡ್ಲಿಲ್ಲ. ಮತ್ಯಾರು ಮಾಡ್ತಾರೆ?"

"ಇಂದಿರಾನಗರದ ಶ್ರೀನಾಥ್. ಲ್ಯಾಪ್‌ಟಾಪ್ ಹುಡುಗ." ಶೌಕತ್ ಮುಖ ತಿರುಗಿಸಿದ. "ಸ್ಪ್ಯಾನರ್ ಹಿಡಿಯೋಕೆ ಬರಲ್ಲ ಅವನಿಗೆ."

ಮುಂದೆ ಏನೂ ಹೇಳದೆ ನೆಲ ನೋಡಿದ. ನಾನೂ ಕೇಳಲಿಲ್ಲ, ಬೇಕಾದದ್ದು ಸಿಕ್ಕಿತ್ತು. ಇಂದಿರಾನಗರದ ದಾರಿಯಲ್ಲಿ ಟಿನ್ ಫ್ಯಾಕ್ಟರಿಯ ಹತ್ತಿರ ವಾಹನಗಳ ಜಾತ್ರೆಯಲ್ಲಿ ಸಿಕ್ಕಿಹಾಕಿಕೊಂಡು, ಮೆಟ್ರೊ ಕಂಬಗಳ ನೆರಳಿನಲ್ಲಿ ಇಂಚಿಂಚೇ ತೆವಳಿಕೊಂಡು ಹೋಗುವಾಗ ನನಗೆ ನಗು ಬಂತು. ಸೈಕಲ್ಲಿನವನು ಎಲ್ಲರನ್ನೂ ಹಿಂದಕ್ಕೆ ಹಾಕುವ ಊರಿದು. ಇಲ್ಲಿ ಮುಕ್ಕಾಲು ಸೆಕೆಂಡು ಉಳಿಸಲು ಜನ ಪ್ರಾಣ ಬಿಡುತ್ತಾರೆ.

ಶ್ರೀನಾಥ್‌ನ ಅಂಗಡಿಗೆ ಗ್ಯಾರೇಜು ಎಂಬ ಹೆಸರಿರಲಿಲ್ಲ, ಸ್ಟುಡಿಯೊ ಎಂದಿತ್ತು. ಗಾಜಿನ ಗೋಡೆ, ಏಸಿ, ಮೂಲೆಯಲ್ಲಿ ಕಾಫಿ ಯಂತ್ರ. ನೆಲದ ಮೇಲೆ ಒಂದು ತೊಟ್ಟು ಆಯಿಲ್ ಬಿದ್ದಿರಲಿಲ್ಲ. ನೆಲ ಇಷ್ಟು ಶುಭ್ರವಾಗಿರುವ ಕಡೆ ಯಾರೂ ಕೆಲಸ ಮಾಡುವುದಿಲ್ಲ ಎಂಬುದು ನನ್ನ ಅನುಭವ. ನಡುವೆ ಒಂದು ಕಿತ್ತಳೆ ಬಣ್ಣದ ಕಾರನ್ನು ದೇವರ ಹಾಗೆ ದೀಪ ಬಿಟ್ಟು ನಿಲ್ಲಿಸಿದ್ದರು.

ಶ್ರೀನಾಥ್‌ಗೆ ಮೂವತ್ತೆರಡಿರಬಹುದು. ಕಪ್ಪು ಅಂಗಿ, ಕೊರೆದಿಟ್ಟಂಥ ಗಡ್ಡ. ನಾನು ಹಳೇ ಸ್ಕೂಟರಿನಿಂದ ಇಳಿದದ್ದನ್ನು ಗಾಜಿನೊಳಗಿಂದಲೇ ನೋಡಿದ್ದ.

"ಸ್ಕೂಟರ್ ರಿಪೇರಿ ಹಿಂದಿನ ರೋಡಲ್ಲಿ ಸಾರ್. ನಾವು ರಿಪೇರಿ ಮಾಡಲ್ಲ, ಕ್ಯಾಲಿಬ್ರೇಟ್ ಮಾಡ್ತೀವಿ."

"ನನ್ನ ತಂಗಿ ಮಗನ ಕಾರು. ಲ್ಯಾಗ್ ಜಾಸ್ತಿ ಅಂತ ಊಟ ಬಿಟ್ಟಿದಾನೆ."

ಅವನ ಮುಖದಲ್ಲಿ ಕರುಣೆ ಮೂಡಿತು. ಅಜ್ಞಾನಿಗಳ ಮೇಲೆ ಇಂಥವರಿಗೆ ಬೇಗ ಕರುಣೆ ಹುಟ್ಟುತ್ತದೆ. "ಲ್ಯಾಗ್ ಅನ್ನೋದು ಹಳೇ ಮೆಕ್ಯಾನಿಕ್‌ಗಳ ಪ್ರಾಬ್ಲಮ್ ಸಾರ್. ಅವರು ಪೈಪ್ ಕಟ್ ಮಾಡ್ತಾರೆ, ಬಟ್ಟೆ ಸುತ್ತಾರೆ. ನಾನು ಕೂತಲ್ಲೇ ಎಂಜಿನ್ ಕಂಪ್ಯೂಟರಿಗೆ ಮ್ಯಾಪ್ ಬರೀತೀನಿ, ಯಾವಾಗ ಎಷ್ಟು ಪೆಟ್ರೋಲ್, ಎಷ್ಟು ಗಾಳಿ ಅನ್ನೋ ಲೆಕ್ಕ. ಲ್ಯಾಗ್ ಝೀರೋ."

"ನಿಮ್ಮ ಕಾರಲ್ಲಿ ಇದೆಯಾ ಅದು? ಕಣ್ಣಿಂದ ನೋಡದೆ ನಂಬೋ ವಯಸ್ಸಲ್ಲ ನಂದು."

ತೋರಿಸು ಎಂದರೆ ಸಾಕು, ಇಂಥವರು ಹೆಂಡತಿಯ ತಾಳಿಯನ್ನಾದರೂ ಬಿಚ್ಚಿ ತೋರಿಸುತ್ತಾರೆ. ಕಿತ್ತಳೆ ಕಾರಿನಲ್ಲಿ ಕೂತು ಸ್ಟಾರ್ಟ್ ಮಾಡಿದ. ಸ್ಟಿಯರಿಂಗಿನ ಒಂದು ಗುಂಡಿ ಒತ್ತಿದ. ಹಿಂದಿನ ಪೈಪಿನಲ್ಲಿ ದೀಪಾವಳಿ ಶುರುವಾಯಿತು. ಗಾಜಿನ ಗೋಡೆಗಳು ನಡುಗಿದವು.

ನಾನು ಕಿಟಕಿಯಲ್ಲಿ ಬಗ್ಗಿದೆ. "ಬ್ರೇಕ್ ಒತ್ತಿ."

"ಯಾಕೆ?"

"ಒತ್ತಿ ಸ್ವಾಮಿ."

ಒತ್ತಿದ. ಪೆಡಲು ಒಳಗೆ ಹೋಯಿತು. "ಇನ್ನೊಂದು ಸಲ," ಎಂದೆ. ಹೋಯಿತು. "ಮೂರನೇ ಸಲ." ಆಗಲೂ ಬೆಣ್ಣೆಯ ಹಾಗೆ ಹೋಯಿತು. ಆ ಪಟಾಕಿ ಸದ್ದಿನ ನಡುವೆ, ಮುಂದೆ ಎಲ್ಲೋ ಸೊಳ್ಳೆಯಂಥ ಒಂದು ಸಣ್ಣ ದನಿ ಹುಟ್ಟಿ ನಿಂತದ್ದು ನನ್ನ ಮುದಿ ಕಿವಿಗೂ ಕೇಳಿಸಿತು.

"ಆಫ್ ಮಾಡಿ. ಬಾನೆಟ್ ತೆಗೀರಿ."

"ಸಾರ್, ನೀವು ಯಾರು?"

ನನ್ನ ಕಾರ್ಡು ಕೊಟ್ಟೆ. ನಿವೃತ್ತ ಮೋಟಾರು ವಿಮಾ ಸರ್ವೇಯರ್, ಅಪಘಾತ ತನಿಖೆ. ಅವನು ಅದನ್ನು ಓದಿ ಮೇಲೆ ನೋಡುವಷ್ಟರಲ್ಲಿ ನಾನೇ ಬಾನೆಟ್ ಎತ್ತಿದ್ದೆ. ಬಲಗಡೆಯ ತಗಡಿನ ಮೇಲೆ, ಎರಡು ಬೋಲ್ಟುಗಳಲ್ಲಿ, ಮುಷ್ಟಿಯಷ್ಟು ದೊಡ್ಡ ಕಪ್ಪು ಪಂಪು ಕೂತಿತ್ತು. ಅದರಿಂದ ಒಂದು ರಬ್ಬರ್ ಪೈಪು ಬ್ರೇಕ್ ಬೂಸ್ಟರಿಗೆ ಹೋಗಿತ್ತು.

ಎರಡು ಬೋಲ್ಟು, ಎರಡು ತೂತು. ಹಾರ್ನು ಎಂದುಕೊಂಡ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸಿತು.

"ಇದು ಯಾಕೆ ಹಾಕಿದೀರಿ?" ಎಂದೆ.

"ಅದು... ಸುಮ್ನೆ. ಸೇಫ್ಟಿಗೆ."

"ಸುಮ್ನೆ ಯಾರೂ ತಗಡು ಕೊರೆಯಲ್ಲ. ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದಿ. ನಮ್ಮ ಕಾಲು ಒತ್ತೋ ಬ್ರೇಕಿಗೆ ಬೂಸ್ಟರ್ ಬಲ ಕೊಡತ್ತೆ. ಆ ಬಲ ಬರೋದು ಎಂಜಿನ್ ಗಾಳಿ ಹೀರೋದ್ರಿಂದ. ಆಕ್ಸಿಲರೇಟರಿಂದ ಕಾಲು ತೆಗೆದಾಗ ಗಾಳಿ ಬಾಗಿಲು ಮುಚ್ಚತ್ತೆ, ಹೀರೋ ಶಕ್ತಿ ಹುಟ್ಟತ್ತೆ. ನಿಮ್ಮ ಆಂಟಿಲ್ಯಾಗ್ ಏನ್ ಮಾಡತ್ತೆ? ಟರ್ಬೊ ತಿರುಗ್ತಾ ಇರ್ಲಿ ಅಂತ ಆ ಬಾಗಿಲನ್ನ ತೆಗೆದೇ ಇಡತ್ತೆ. ಹೀರೋದೇ ಇಲ್ಲ. ಬೂಸ್ಟರಲ್ಲಿ ಮಿಕ್ಕಿರೋ ಬಲದಲ್ಲಿ ಒಂದು ಸಲ ಬ್ರೇಕ್ ಹಿಡಿಯತ್ತೆ. ಎರಡನೇ ಸಲ ಅರ್ಧ. ಮೂರನೇ ಸಲ ಪೆಡಲ್ ಕಲ್ಲು. ಸರೀನಾ?"

ಅವನ ಗಡ್ಡದ ಸುತ್ತಲಿನ ಚರ್ಮ ಬಿಳಿಚಿಕೊಂಡಿತು.

"ನಿಮ್ಮ ಕಾರಿಗೆ ಪಂಪ್ ಇದೆ, ನೀವು ಬದುಕಿದೀರಿ. ಪ್ರೇಮ್‌ಕುಮಾರನ ಕಾರಲ್ಲಿ ಇರ್ಲಿಲ್ಲ. ಸೂರ್ಯ ಎರಡೂ ಕಾಲಿಟ್ಟು ತುಳಿದು ಪೆಡಲ್ ಬಗ್ಗಿಸಿದಾನೆ."

"ನಾನ್ ಯಾವ್ ಪ್ರೇಮ್‌ಕುಮಾರ್ ಕಾರನ್ನೂ ಮುಟ್ಟಿಲ್ಲ," ಎಂದವನು ಮೇಜಿನ ಮೇಲಿದ್ದ ತನ್ನ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ಕಾರಿನ ಕಂಪ್ಯೂಟರ್ ಪೊಲೀಸರ ಹತ್ರ ಇದೆ. ಮ್ಯಾಪ್ ಯಾವತ್ತು ಬಂತು, ಯಾವ ಲ್ಯಾಪ್‌ಟಾಪಿಂದ ಬಂತು ಅಂತ ಅದು ಹೇಳತ್ತಂತೆ. ಐದು ಗಂಟೆಗೆ ಒಬ್ಬನ್ನ ಅರೆಸ್ಟ್ ಮಾಡ್ತಾರೆ. ನಿಮಗಿಂತ ಹತ್ತು ಪಟ್ಟು ಕೆಲಸ ಬಲ್ಲವನು. ಅವನ ಜಾಗದಲ್ಲಿ ನೀವು ಕೂರೋದಾದ್ರೆ ನನಗೆ ಸಂತೋಷ."

ಕಂಪ್ಯೂಟರ್ ಹಾಗೆ ಹೇಳುತ್ತದೋ ಇಲ್ಲವೋ ನನಗೆ ಖಾತ್ರಿಯಿರಲಿಲ್ಲ. ಅವನಿಗೆ ಗೊತ್ತಿತ್ತು ಎಂದು ಕಾಣುತ್ತದೆ, ಏಕೆಂದರೆ ಕುರ್ಚಿಯ ಮೇಲೆ ಕುಸಿದ.

"ಮ್ಯಾಪ್ ಹಾಕಿದ್ದು ನಾನೇ ಸಾರ್. ಶನಿವಾರ. ಆದ್ರೆ ಪಂಪ್ ಕೂಡ ಹಾಕ್ದೆ. ಅಮ್ಮನಾಣೆ ಹಾಕ್ದೆ. ಪಂಪ್ ಇಲ್ದೆ ನಾನು ಗಾಡಿ ಹೊರಗೆ ಬಿಡಲ್ಲ."

"ಎಲ್ಲಿದೆ ಸಾಕ್ಷಿ?"

"ವಿಡಿಯೊ ಇದೆ."

ತನ್ನ ಪ್ರಚಾರಕ್ಕೆಂದು ಮಾಡಿಸಿಕೊಂಡ ವಿಡಿಯೊ. ಶನಿವಾರ ಸಂಜೆ ನಾಲ್ಕು ಇಪ್ಪತ್ತು. ಅದೇ ಬಿಳಿ ಕಾರು, ಸ್ಟಿಯರಿಂಗಿನ ಹಿಂದೆ ಪ್ರೇಮ್‌ಕುಮಾರ್. ಶ್ರೀನಾಥ್ ಪಂಪಿನ ತಂತಿಯನ್ನು ಕೈಯಲ್ಲಿ ಹಿಡಿದುಕೊಂಡು, "ಇದು ಇಲ್ದೆ ಮೂರು ಸಲ ಒತ್ತಿ ನೋಡಿ ಬ್ರೋ," ಎನ್ನುತ್ತಾನೆ. ಪ್ರೇಮ್‌ಕುಮಾರ್ ಒತ್ತುತ್ತಾನೆ. "ಏಯ್, ಕಲ್ಲು ಕಣೋ ಇದು," ಎನ್ನುತ್ತಾನೆ. ಶ್ರೀನಾಥ್ ತಂತಿ ಸಿಕ್ಕಿಸುತ್ತಾನೆ, ಸೊಳ್ಳೆ ದನಿ ಬರುತ್ತದೆ, ಪೆಡಲು ಮೆತ್ತಗಾಗುತ್ತದೆ. ಪ್ರೇಮ್‌ಕುಮಾರ್ ಕ್ಯಾಮೆರಾದ ಕಡೆ ತಿರುಗಿ ನಗುತ್ತಾನೆ. "ಅಂದ್ರೆ ಈ ಡಬ್ಬ ಕಿತ್ರೆ ಶಿವನ ಪಾದ ಅನ್ನು."

ಎರಡು ಸಲ ನೋಡಿದೆ. ಮೈ ಉರಿದುಹೋಯಿತು.

"ಮೂರು ದಿನದಿಂದ ಇದನ್ನ ಇಟ್ಕೊಂಡು ಇಲ್ಲಿ ಕಾಫಿ ಕುಡೀತಾ ಕೂತಿದೀಯಾ?" ಬಹುವಚನ ತಾನಾಗಿಯೇ ಬಿದ್ದುಹೋಗಿತ್ತು.

"ಸೋಮವಾರ ಬೆಳಿಗ್ಗೆ ಪ್ರೇಮ್ ಫೋನ್ ಮಾಡ್ದ ಸಾರ್. ರೋಡಲ್ಲಿ ಓಡೋ ಗಾಡಿಗೆ ಆಂಟಿಲ್ಯಾಗ್ ಹಾಕಿದೀಯ, ಹೊರಗೆ ಬಂದ್ರೆ ಮೊದ್ಲು ನೀನೇ ಒಳಗೆ ಹೋಗೋದು, ಸುಮ್ನಿರು ಅಂದ. ಹೆದರ್ಬಿಟ್ಟೆ."

"ಶೌಕತ್‌ಗೆ ಮ್ಯಾಪ್ ವಿಷಯ ಹೇಳಿದ್ಯಾ?"

"ಅವನಿಗೆ ಯಾಕೆ ಹೇಳ್ಬೇಕು? ಅವನು ನಟ್ಟು ಬೋಲ್ಟು ಮನುಷ್ಯ. ಅರ್ಥಾನೂ ಆಗಲ್ಲ."

ಅವನ ಕೆನ್ನೆಗೆ ಒಂದು ಕೊಡಬೇಕೆಂದು ಕೈ ತುರಿಸಿತು. ವಿಡಿಯೊ ನನ್ನ ಫೋನಿಗೆ ಕಳಿಸಿಕೊಂಡು ಹೊರಟೆ. ಸಂಜೆ ಐದರೊಳಗೆ ಠಾಣೆಗೆ ಬಂದು ಎಲ್ಲ ಹೇಳುತ್ತೇನೆಂದು ಅವನು ಒಪ್ಪಿದ. ಬರುತ್ತಾನೆಂದು ನನಗೆ ನಂಬಿಕೆಯಿರಲಿಲ್ಲ, ವಿಡಿಯೊ ಇದ್ದ ಮೇಲೆ ಅವನು ಬಂದರೂ ಒಂದೇ, ಬಿಟ್ಟರೂ ಒಂದೇ.

ವಾಪಸು ಹೋಗುವಾಗ ಹಲಸೂರಿನ ಕಡೆಯಿಂದ ಬಂದ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡೆ. ಆದರೂ ನನಗೆ ಖುಷಿಯಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಕನ್ನಡಕದವನಿಗೆ ಬುದ್ಧಿಯಿಲ್ಲ ಎಂದುಕೊಂಡದ್ದು ತಪ್ಪಾಗಿತ್ತು, ಆ ಒಂದು ತಪ್ಪನ್ನು ನನಗೆ ನಾನೇ ಮಾಫಿ ಮಾಡಿಕೊಂಡೆ. ಪಂಪು ಕಿತ್ತವನು ಅವನೇ. ಇಮಾಮ್ ಬೀಗೆ ಫೋನ್ ಮಾಡಿ, "ನಿಮ್ಮ ಮಗ ಇವತ್ತು ಮನೇಲೇ ಊಟ ಮಾಡ್ತಾನೆ," ಎಂದೂ ಹೇಳಿಬಿಟ್ಟೆ. ಅವಳು ಅಲ್ಲಾನ ಹೆಸರು ಹೇಳಿ ಅಳುತ್ತಿದ್ದಳು. ನನಗೆ ಅಳು ಕೇಳುವ ಅಭ್ಯಾಸವಿಲ್ಲ, ಫೋನು ಇಟ್ಟೆ.

ಠಾಣೆ ತಲುಪಿದಾಗ ಐದಕ್ಕೆ ಹತ್ತು ನಿಮಿಷವಿತ್ತು.

ರಮ್ಯಶ್ರೀ ವಿಡಿಯೊ ನೋಡಿದರು. ಮತ್ತೊಮ್ಮೆ ನೋಡಿದರು. ಅವರ ಮುಖದಲ್ಲಿ ನಾನು ನಿರೀಕ್ಷಿಸಿದ್ದ ಮೆಚ್ಚುಗೆ ಕಾಣಲಿಲ್ಲ. ಬೆಂಚಿನ ಕಡೆ ತಿರುಗಿ, "ಶೌಕತ್, ಈ ಪಂಪ್ ಗೊತ್ತಾ ನಿಂಗೆ?" ಎಂದು ಫೋನು ಹಿಡಿದು ತೋರಿಸಿದರು.

"ಗೊತ್ತು ಮೇಡಂ."

"ಯಾರು ತೆಗೆದಿದ್ದು?"

"ನಾನೇ."

ನನಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡೆ. "ಏನೋ ಅಂದೆ?"

"ನಾನೇ ತೆಗೆದೆ ಸಾಬ್. ಭಾನುವಾರ. ಪ್ರೇಮಣ್ಣ ಗಾಡಿ ತಂದ್ರು, ಇದು ಗುಂಯ್ ಅನ್ನತ್ತೆ, ಇನ್ಶೂರೆನ್ಸಲ್ಲೂ ಬರೆದಿಲ್ಲ, ಬಿಚ್ಚು ಅಂದ್ರು. ನೋಡ್ದೆ. ಪೈಪ್ ಬ್ರೇಕ್‌ಗೆ ಹೋಗತ್ತೆ. ಪೆಟ್ರೋಲ್ ಗಾಡಿಗೆ ಪಂಪ್ ಯಾಕೆ? ಡೀಸೆಲ್‌ಗೆ ಬೇಕು, ಪೆಟ್ರೋಲ್ ಎಂಜಿನ್ ತಾನೇ ಹೀರತ್ತೆ. ಲ್ಯಾಪ್‌ಟಾಪ್ ಹುಡುಗಂಗೆ ಪೆಟ್ರೋಲ್ ಡೀಸೆಲ್ ವ್ಯತ್ಯಾಸ ಗೊತ್ತಿಲ್ಲ ಅಂತ ನಕ್ಕೆ." ಅವನ ಕಣ್ಣು ಒದ್ದೆಯಾಗಿತ್ತು. "ಮ್ಯಾಪ್ ಬದಲಾಗಿದೆ ಅಂತ ನಂಗೆ ಯಾರೂ ಹೇಳ್ಲಿಲ್ಲ. ಆಂಟಿಲ್ಯಾಗ್ ಹಾಕಿದಾರೆ ಅಂತ ಗೊತ್ತಿದ್ರೆ ಮುಟ್ತಾನೇ ಇರ್ಲಿಲ್ಲ. ಅಲ್ಲಾ ಕಸಮ್ ಸಾಬ್."

ಒಬ್ಬನಿಗೆ ಇನ್ನೊಬ್ಬ ನಟ್ಟು ಬೋಲ್ಟು ಮನುಷ್ಯ, ಇನ್ನೊಬ್ಬನಿಗೆ ಇವನು ಲ್ಯಾಪ್‌ಟಾಪ್ ಹುಡುಗ. ಇಬ್ಬರ ತಾತ್ಸಾರದ ನಡುವೆ ಪ್ರೇಮ್‌ಕುಮಾರ್ ಕೂತು ಕೆಲಸ ಮಾಡಿಸಿಕೊಂಡಿದ್ದ.

"ಪ್ರೇಮ್‌ಕುಮಾರ್ ಹೇಳಿದ ಕೂಡ್ಲೇ ಬಿಚ್ಚಿದ್ಯಾ?" ರಮ್ಯಶ್ರೀ ಕೇಳಿದರು.

"ಇಲ್ಲ ಮೇಡಂ. ಬ್ರೇಕ್ ಅಂದ ಮೇಲೆ ನಾನು ಅವಸರ ಮಾಡಲ್ಲ. ತಿಳಿದವರನ್ನ ಕೇಳ್ದೆ."

"ಯಾರನ್ನ?"

ಶೌಕತ್ ಉಗುರು ಕೆರೆಯತೊಡಗಿದ. "ನೆನಪಿಲ್ಲ ಮೇಡಂ."

"ಮಧ್ಯಾಹ್ನದಿಂದ ಮೂರು ಸಲ ಕೇಳಿದೀನಿ. ಮೂರು ಸಲಾನೂ ನೆನಪಿಲ್ಲ." ಅವರು ಮೇಜಿನ ಸೆಳೆಖಾನೆ ಎಳೆದು ಶೌಕತ್‌ನ ಫೋನನ್ನು ಹೊರಗೆ ತೆಗೆದರು. "ಭಾನುವಾರ ಹತ್ತು ಗಂಟೆ ಹದಿನಾಲ್ಕು ನಿಮಿಷ. ಮೂವತ್ತೆಂಟು ಸೆಕೆಂಡ್ ಮಾತು. ಇನ್ಶೂರೆನ್ಸ್ ಸಾಬ್ ಅಂತ ಹೆಸರು ಹಾಕ್ಕೊಂಡಿದಾನೆ."

ಭಾನುವಾರ ಹತ್ತೂಕಾಲಿಗೆ ನನ್ನ ಮುಂದೆ ಬಿಸಿ ಇಡ್ಲಿ ಇತ್ತು. ಫೋನು ಬಂದಿತ್ತು, ಯಾರದೆಂದು ನೋಡದೆ ಎತ್ತಿದ್ದೆ. ಪಾಲಿಸಿಯಲ್ಲಿ ಬರೆಯದ ಏನೋ ಒಂದು ಎಲೆಕ್ಟ್ರಿಕ್ ಐಟಂ ಇದೆ ಸಾಬ್, ಅದು ಬ್ರೇಕ್... ಎಂದು ಯಾರೋ ಶುರುಮಾಡಿದ್ದರು. ದಿನಕ್ಕೆ ಇಂಥ ಹತ್ತು ಫೋನು ಬರುತ್ತವೆ. ಪಾಲಿಸಿಯಲ್ಲಿ ಇಲ್ಲದ್ದು ಕಾರಿನಲ್ಲಿದ್ದರೆ ಕ್ಲೈಮು ಇಲ್ಲ, ತೆಗೆದು ಬಿಸಾಡು, ಇಷ್ಟೂ ತಿಳಿಯಲ್ವೇನಯ್ಯ ನಿನಗೆ, ಎಂದು ಹೇಳಿ ಇಟ್ಟಿದ್ದೆ. ಏನು ಐಟಂ ಎಂದು ಕೇಳಿರಲಿಲ್ಲ. ಯಾರ ದನಿ ಎಂದೂ ಕೇಳಿರಲಿಲ್ಲ. ಚಟ್ನಿ ಇನ್ನಷ್ಟು ಬಡಿಸಿಕೊಂಡಿದ್ದೆ.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಶೌಕತ್‌ನ ಕಡೆ ನೋಡಲು ಆಗಲಿಲ್ಲ. ಎರಡು ದಿನದಿಂದ ಈ ಬೆಂಚಿನ ಮೇಲೆ ಕೂತು ಅವನು ನನ್ನ ಹೆಸರು ಹೇಳದೆ ಬಾಯಿ ಮುಚ್ಚಿಕೊಂಡಿದ್ದ.

"ಮಧ್ಯಾಹ್ನ ನೀವು ಇಂದಿರಾನಗರಕ್ಕೆ ಹೋದ ಮೇಲೆ ಪ್ರೇಮ್‌ಕುಮಾರ್ ಇನ್ನೊಂದು ಹೇಳಿಕೆ ಬರೆಸಿದ್ರು," ಎಂದರು ರಮ್ಯಶ್ರೀ. ದನಿ ಎತ್ತಲಿಲ್ಲ. "ತಾವು ತೆಗೀಬೇಡ ಅಂದ್ರಂತೆ, ಶೌಕತ್ ಸ್ಪೀಕರ್ ಹಾಕಿ ಅವನ ಇನ್ಶೂರೆನ್ಸ್ ಮನುಷ್ಯನ್ನ ಕೇಳಿದನಂತೆ, ಆ ಮನುಷ್ಯ ತೆಗೆದು ಬಿಸಾಡು ಅಂದನಂತೆ. ಪಂಪ್ ಇಲ್ದಿದ್ರೆ ಏನಾಗತ್ತೆ ಅಂತ ಪ್ರೇಮ್‌ಕುಮಾರ್‌ಗೂ ಗೊತ್ತಿತ್ತು ಅನ್ನೋಕೆ ಈ ವಿಡಿಯೊ ಸಾಕು. ಆದ್ರೆ ಅವರ ಹೇಳಿಕೇಲಿ ಸಾಕ್ಷಿ ಇನ್ನೂ ಒಬ್ಬರು ಇದಾರೆ. ಗ್ಯಾರೇಜಲ್ಲಿ ಆಗ ನಿಂತಿದ್ದ ಇನ್ನೊಬ್ಬ ಗಿರಾಕಿ. ಅವನೂ ಸ್ಪೀಕರ್ ಕೇಳಿಸ್ಕೊಂಡಿದಾನೆ. ಸಹಿ ಹಾಕಿದಾನೆ."

"ತೆಗೀಬೇಡ ಅಂತ ಪ್ರೇಮಣ್ಣ ಅನ್ಲೇ ಇಲ್ಲ ಮೇಡಂ," ಎಂದ ಶೌಕತ್. ಯಾರೂ ಅವನ ಕಡೆ ತಿರುಗಲಿಲ್ಲ.

ಗೋಡೆಯ ಗಡಿಯಾರದಲ್ಲಿ ಐದಾಗಿತ್ತು. ಅವರು ಅರೆಸ್ಟ್ ಮೆಮೊ ಪುಸ್ತಕ ತೆರೆದು ಹೊಸ ಹಾಳೆಯೊಂದರ ಮೇಲೆ ಪೆನ್ನಿಟ್ಟರು.

"ಕೂತ್ಕೊಳ್ಳಿ ಸಾರ್."

ನಾನು ಎಂದಿನಂತೆ ಅವರ ಮೇಜಿನ ಎದುರಿನ ಕುರ್ಚಿ ಎಳೆದೆ.

"ಅಲ್ಲಲ್ಲ ಸಾರ್," ಎಂದರು ತಲೆಯೆತ್ತದೆ. "ಆ ಬೆಂಚಲ್ಲಿ."

ಶೌಕತ್ ಗೋಡೆಯ ಕಡೆ ಸರಿದು ನನಗೆ ಜಾಗ ಮಾಡಿಕೊಟ್ಟ.